ಹೊಸ ಗಾಡೀನಾ, ಸೀನ?

ನಮ್ಮ ಬೀದಿಯ ಸೀನನ ಬೈಕಿನ ಬಣ್ಣ ಯಾವುದು ಎಂದು ಕೇಳಿದರೆ ಅವನ ತಾಯಿ ಒಮ್ಮೆ ಕಿಟಕಿಯಲ್ಲಿ ಇಣುಕಿ ನೋಡಿಯೇ ಉತ್ತರ ಹೇಳುತ್ತಾರೆ. ಆರ್‌ಸಿ ಕಾರ್ಡಿನ ಪ್ರಕಾರ ಅದು ಕೆಂಪು. ಯುಗಾದಿಗೆ ಸ್ಯಾಟಿನ್ ಕಪ್ಪಾಗಿತ್ತು. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ನೀಲಿ. ಅದೂ ಸುಮ್ಮನೆ ನೀಲಿಯಲ್ಲ; ಎಡಕ್ಕೆ ನಿಂತವರಿಗೆ ನೀಲಿ, ಬಲಕ್ಕೆ ನಿಂತವರಿಗೆ ನೇರಳೆ, ಸಿಗ್ನಲ್ಲಿನಲ್ಲಿ ಬಿಎಂಟಿಸಿ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಹಸಿರು.

ಸೀನ ಎಲ್ಲ ಬಡಾವಣೆಗಳಲ್ಲೂ ಇದ್ದಾನೆ, ಹೆಸರು ಬೇರೆ ಇರಬಹುದು ಅಷ್ಟೆ. ವಯಸ್ಸು ಮೂವತ್ತರ ಆಸುಪಾಸು. ಗಾಡಿಯ ಸಾಲದ ಕಂತು ಇನ್ನೂ ತೀರಿಲ್ಲ. ಮೊಬೈಲಿನ ಗ್ಯಾಲರಿಯಲ್ಲಿ ಅಕ್ಕನ ಮದುವೆಯ ಫೋಟೋಗಳಿಗಿಂತ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿನ ಫೋಟೋಗಳು ಜಾಸ್ತಿ. ಮೈಲೇಜಿನ ಚಿಂತೆ ಇವನಿಗಿಲ್ಲ, ಪಿಕಪ್ಪಿನದೂ ಇಲ್ಲ. ಚೈನು ಎಣ್ಣೆ ಕಂಡು ಎಷ್ಟು ಕಾಲವಾಯಿತೋ ಆ ಚೈನಿಗೇ ಗೊತ್ತು. ಅವನಿಗೆ ಬೇಕಾಗಿರುವುದು ಒಂದೇ ಒಂದು ಪ್ರಶ್ನೆ: "ಏನೋ ಸೀನ, ಹೊಸ ಗಾಡೀನಾ?"

ಕೇಳಿದ ತಕ್ಷಣ ಉತ್ತರ ಬಂದುಬಿಡುತ್ತದೆ ಅಂದುಕೊಳ್ಳಬೇಡಿ. ಹೆಲ್ಮೆಟ್ ತೆಗೆದು, ಅದನ್ನು ಕನ್ನಡಿಗೆ ನೇತುಹಾಕಿ, ಅದೇ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು, ಆಮೇಲೆ, "ಇಲ್ಲ ಆಂಟಿ, ಅದೇ ಹಳೇದು. ರ‍್ಯಾಪ್ ಮಾಡಿಸ್ದೆ" ಎನ್ನುತ್ತಾನೆ. 'ಅದೇ ಹಳೇದು' ಎನ್ನುವಾಗ ಅವನ ದನಿಯಲ್ಲಿರುವ ವಿನಯವನ್ನು ನಾನು ಬೆಂಜ್ ಕಾರು ಕೊಂಡವರಲ್ಲೂ ಕಂಡಿಲ್ಲ. ಬೀದಿಯವರೆಲ್ಲ ಒಂದು ಸುತ್ತು ಕೇಳಿ ಮುಗಿಸಿ, ಆಫೀಸಿನ ಸೆಕ್ಯುರಿಟಿಯವನೂ ಕೇಳಿ, ಕೊನೆಗೆ ಹಾಲಿನ ಹುಡುಗನೂ ಕೇಳಿದ ಮೇಲೆ ಆ ಬಣ್ಣದ ಆಯಸ್ಸು ತೀರಿತು. ಗಾಡಿಯ ಮೈಗೆ ಅಂಟಿಸುವ ಈ ಬಣ್ಣದ ಫಿಲಂ ಒಳ್ಳೇದಾದರೆ ವರ್ಷಗಟ್ಟಲೆ ಬಾಳುತ್ತದೆ ಎಂದು ಅಂಗಡಿಯವನು ಹೇಳುತ್ತಾನೆ. ಬಾಳುತ್ತದೋ ಏನೋ, ಪರೀಕ್ಷಿಸುವಷ್ಟು ಪುರುಸೊತ್ತನ್ನು ಸೀನ ಅದಕ್ಕೆ ಕೊಟ್ಟಿಲ್ಲ.

ಅವನ ಪುಣ್ಯಕ್ಷೇತ್ರ ಜೆ.ಸಿ. ರಸ್ತೆ. ರವೀಂದ್ರ ಕಲಾಕ್ಷೇತ್ರ ಇರುವುದೂ ಅದೇ ರಸ್ತೆಯಲ್ಲೇ. ಅಲ್ಲಿ ನಟರು ಸಂಜೆ ಬಣ್ಣ ಹಚ್ಚಿಕೊಂಡು ರಾತ್ರಿ ತೊಳೆದುಕೊಂಡು ಮನೆಗೆ ಹೋಗುತ್ತಾರೆ. ಅದೇ ರಸ್ತೆಯಲ್ಲಿ, ಸೀಟ್ ಕವರು, ಹಾರ್ನು, ಸ್ಪೀಕರುಗಳ ಅಂಗಡಿಗಳ ನಡುವೆ, ಗಾಡಿಗಳು ಹಗಲೆಲ್ಲ ಬಣ್ಣ ಹಚ್ಚಿಕೊಳ್ಳುತ್ತವೆ. ಕೆಲಸಗಾರನನ್ನು ಸೀನ 'ಭಾಯ್' ಎನ್ನುತ್ತಾನೆ, ಅವನು ಸೀನನನ್ನು 'ಬಾಸ್' ಎನ್ನುತ್ತಾನೆ. ಆ 'ಬಾಸ್'ಗೂ ಸೇರಿಸಿಯೇ ಬಿಲ್ಲು.

ಕೆಲಸ ಮಾತ್ರ ನೋಡುವಂಥದು, ಅದನ್ನು ಒಪ್ಪಲೇಬೇಕು. ಟ್ಯಾಂಕನ್ನು ಮೊದಲು ಸ್ಪಿರಿಟ್ಟಿನಲ್ಲಿ ಒರೆಸಿ ಎಣ್ಣೆಯ ಪಸೆ ತೆಗೆಯುತ್ತಾರೆ. ಐದಡಿ ಅಗಲದ ರೋಲಿನಿಂದ ಒಂದು ತುಂಡು ಕತ್ತರಿಸಿ, ಹಿಂದಿನ ಕಾಗದ ಸುಲಿದು, ಇಬ್ಬರು ಎರಡು ಕಡೆ ಹಿಡಿದು ಎಳೆಯುತ್ತಾರೆ. ಹೀಟ್ ಗನ್ನಿನ ಬಿಸಿ ತಾಗಿದ್ದೇ ತಡ, ಅಲ್ಲಿಯವರೆಗೆ ಸೆಟೆದುಕೊಂಡಿದ್ದ ಫಿಲಂ ಅಕ್ಕಿರೊಟ್ಟಿಯ ಹಿಟ್ಟಿನ ಹಾಗೆ ತಟ್ಟಿದ ಕಡೆ ತಿರುಗುತ್ತದೆ. ಅಂಚಿಗೆ ಮೆತ್ತನೆ ಬಟ್ಟೆ ಕಟ್ಟಿದ ಪಟ್ಟಿಯಿಂದ ನಡುವಿನಿಂದ ಹೊರಕ್ಕೆ ಉಜ್ಜುತ್ತ ಗಾಳಿ ಓಡಿಸುತ್ತಾರೆ. ಪೇಚಾಟ ಇರುವುದು ಟ್ಯಾಂಕಿನ ಪಕ್ಕದಲ್ಲಿ, ಮೊಣಕಾಲು ಒತ್ತುವ ತಗ್ಗಿನಲ್ಲಿ. ಫಿಲಂ ಚಪ್ಪಟೆಯಾಗಿ ಹುಟ್ಟಿದ್ದು, ಸಂದು ಸಿಕ್ಕರೆ ಮತ್ತೆ ಚಪ್ಪಟೆಯಾಗಲು ನೋಡುತ್ತದೆ. ಅದಕ್ಕೆ ಆ ಹಳೆಯ ನೆನಪು ಹೋಗಲೆಂದು ಕೊನೆಯಲ್ಲಿ ಇನ್ನೊಮ್ಮೆ 100 ಡಿಗ್ರಿಯ ಹತ್ತಿರ ಶಾಖ ಕೊಡುತ್ತಾರೆ. ಅಗ್ಗದ ಮಾಲು, ಅಂದರೆ ರೋಲರುಗಳ ನಡುವೆ ಹಿಂಡಿ ತೆಗೆದದ್ದು, ಎಷ್ಟು ಕಾಯಿಸಿದರೂ ಕೆಲವು ತಿಂಗಳಲ್ಲಿ ಅಂಚು ಬಿಡುತ್ತದೆ. ದ್ರವವಾಗಿ ಸುರಿದು ಒಣಗಿಸಿದ 'ಕಾಸ್ಟ್' ಮಾಲು ಕೂತಲ್ಲೇ ಕೂರುತ್ತದೆ. ಈ ವ್ಯತ್ಯಾಸವನ್ನು ಸೀನ ಟೀ ಅಂಗಡಿಯಲ್ಲಿ ನಿಂತು ಅರ್ಧ ಗಂಟೆ ವಿವರಿಸಬಲ್ಲ. ಅವನು ಡಿಗ್ರಿಯಲ್ಲಿ ಕೆಮಿಸ್ಟ್ರಿ ಎರಡು ಸಲ ಕಟ್ಟಿದವನು.

ಇಷ್ಟಕ್ಕೆಲ್ಲ ಮೂಲಪುರುಷ ಅಮೆರಿಕದ ವಾಲ್ಡೊ ಸೆಮನ್ ಎಂಬ ವಿಜ್ಞಾನಿ. ಟೈರ್ ಮಾಡುತ್ತಿದ್ದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿ, 1926ರಲ್ಲಿ, ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕಲು ಹೊರಟವನಿಗೆ ಗೋಂದು ಸಿಗಲಿಲ್ಲ, ಬೇಕಾದ ಹಾಗೆ ಬಾಗುವ ಮೆದು ವಿನೈಲ್ ಸಿಕ್ಕಿತು. ಈಗ ನಾವು ಅದರ ಬೆನ್ನಿಗೆ ಗೋಂದು ಬಳಿದು ಲೋಹಕ್ಕೇ ಅಂಟಿಸುತ್ತಿದ್ದೇವೆ.

ನೀಲಿ ಬೇಸರವಾದ ಮೇಲೆ ಸೀನನಿಗೆ ಮಿಲಿಟರಿ ಹಸಿರಿನ ಹುಚ್ಚು ಹಿಡಿಯಿತು. ಭಾಯ್ ತಲೆ ಅಲ್ಲಾಡಿಸಿದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಸೈನ್ಯಕ್ಕೆ ಸೇರದೆ ಆ ಬಣ್ಣ ಇಲ್ಲ ಎಂದಾದಾಗ ಸೀನ ಒಂದು ಕ್ಷಣ ಯೋಚಿಸಿದ ಎಂದು ಕೇಳಿದ್ದೇನೆ. ಕೊನೆಗೆ ನಾರ್ಡೊ ಗ್ರೇ ಮಾಡಿಸಿಕೊಂಡು ಬಂದ. ಆಡಿ ಕಾರುಗಳಿಂದ ಹೆಸರಾದ ಬಣ್ಣ, ಇಟಲಿಯ ನಾರ್ಡೊದಲ್ಲಿರುವ ಟೆಸ್ಟ್ ಟ್ರ್ಯಾಕಿನ ಹೆಸರು ಎಂದು ಗೇಟಿನಲ್ಲೇ ಭಾಷಣ ಶುರುವಾಯಿತು. ತಾಯಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಪ್ರೈಮರ್ ಚೆನ್ನಾಗಿ ಹೊಡ್ದಿದಾರೆ ಕಣೋ. ಬಣ್ಣ ಯಾವತ್ತು ಹೊಡೀತಾರೆ?" ಎಂದರು.

ಪಕ್ಕದ ಮನೆಯ ಮೇಷ್ಟ್ರು ಅಂದು ಕಾಂಪೌಂಡಿನ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದರು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಮರೂನ್ ಗಾಡಿಯಲ್ಲಿ ಜೀವಮಾನ ಕಳೆದವರು. "ನಮ್ಮ ಕಾಲದಲ್ಲೂ ಗಾಡಿ ಬಣ್ಣ ಬದಲಾಗ್ತಿತ್ತಪ್ಪ," ಎಂದರು, "ತುಕ್ಕು ಹಿಡಿದು."

ಕಾನೂನಿನ ಕಡೆಯಿಂದ ಸೀನನಿಗೆ ಆಗಾಗ ಸಣ್ಣಪುಟ್ಟ ತೊಂದರೆ ಇದ್ದದ್ದೇ. ಆರ್‌ಸಿಯಲ್ಲಿ ಎಂಜಿನ್ ನಂಬರು, ಚಾಸಿ ನಂಬರಿನ ಜೊತೆ ಬಣ್ಣವನ್ನೂ ಬರೆದಿರುತ್ತಾರೆ. ಪೂರ್ತಿ ಬಣ್ಣ ಬದಲಾಯಿಸಿದವರು ಆರ್‌ಟಿಓಗೆ ಹೋಗಿ ಅದನ್ನೂ ತಿದ್ದಿಸಿಕೊಳ್ಳಬೇಕು. ಸೀನ ಆ ಪ್ರಕಾರ ನಡೆದರೆ ಆರ್‌ಟಿಓ ಪಕ್ಕದಲ್ಲೇ ಮನೆ ಮಾಡಬೇಕಾಗುತ್ತದೆ. ಒಮ್ಮೆ ಟ್ರಾಫಿಕ್ ಪೊಲೀಸಿನವರು ತಡೆದಾಗ, "ಸಾರ್, ಇದು ಪೇಂಟ್ ಅಲ್ಲ, ಸ್ಟಿಕ್ಕರ್" ಎಂದು ಸೀಟು ಬಿಚ್ಚಿ, ಫಿಲಂ ಮುಟ್ಟದ ಅಂಗೈಯಗಲದ ಕೆಂಪು ತೋರಿಸಿದ. ಅವರು ಕಾರ್ಡನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದರು. "ಕಾಗದದಲ್ಲಿ ಕೆಂಪು, ಕಣ್ಣಿಗೆ ಸಿಮೆಂಟು. ನಾನು ಇನ್ಮೇಲೆ ಎಲ್ಲರ ಸೀಟು ಬಿಚ್ಚಿ ನೋಡ್ಲೇನಪ್ಪ?" ಎಂದು ರಸೀದಿ ಹರಿದರು.

ಆದರೆ ಅವನ ನಿಜವಾದ ಶತ್ರು ಆಯುಧಪೂಜೆ. ಒಂದು ವರ್ಷ ಗಾಡಿ ಮ್ಯಾಟ್ ಬಿಳಿ. ಮ್ಯಾಟ್ ಫಿಲಮ್ಮಿಗೆ ಪಾಲಿಶ್ ಹಾಕುವಂತಿಲ್ಲ, ಬಣ್ಣದ ಪುಡಿ ಅದರ ಒರಟು ಮೈಯಲ್ಲಿ ಒಮ್ಮೆ ಕೂತರೆ ಏಳುವುದಿಲ್ಲ. ತಾಯಿ ಅರಿಶಿನ, ಕುಂಕುಮ, ವಿಭೂತಿಯ ತಟ್ಟೆ ಹಿಡಿದು ಬಂದರೆ ಸೀನ ಮೈಕ್ರೋಫೈಬರ್ ಬಟ್ಟೆ ಹಿಡಿದು ಟ್ಯಾಂಕಿಗೆ ಅಡ್ಡ ನಿಂತ.

"ಅಮ್ಮಾ, ಬೇಕಾದ್ರೆ ಟೈರಿಗಿಡು."

"ಟೈರು ಕಾಲು ಕಣೋ. ಹಣೆಗಿಡೋದನ್ನ ಕಾಲಿಗಿಡ್ತಾರಾ?"

ಕಡೆಗೆ ಹೆಡ್‌ಲೈಟಿನ ಗಾಜಿಗೆ ಬೊಟ್ಟು ಎಂದು ರಾಜಿಯಾಯಿತು. ಆದರೆ ಬೂದುಗುಂಬಳಕಾಯಿಯ ಜೊತೆ ಯಾವ ರಾಜಿಯೂ ಆಗಿರಲಿಲ್ಲ. ಒಳಗೆ ಕುಂಕುಮ ತುಂಬಿದ ಕಾಯಿಯನ್ನು ಅವನ ಚಿಕ್ಕಪ್ಪ ಬಲವಾಗಿಯೇ ಒಡೆದರು. ದೀಪಾವಳಿಯವರೆಗೂ ಗಾಡಿಯ ಎಡಮಗ್ಗುಲು ದಡಾರ ಎದ್ದಂತಿತ್ತು. ಮುಂದಿನ ವರ್ಷ ಸೀನ ಮುಂಚೆಯೇ ತಯಾರಾದ. ಭಾಯ್ ಹತ್ತಿರ ಮಿಕ್ಕಿದ್ದ ಕೆಂಪು ಫಿಲಂ ಚೂರಿನಲ್ಲಿ ದುಂಡಗೆ ಒಂದು ಬೊಟ್ಟು, ಬೂದು ಚೂರಿನಲ್ಲಿ ಮೂರು ವಿಭೂತಿ ಪಟ್ಟೆ ಕತ್ತರಿಸಿ ಟ್ಯಾಂಕಿಗೆ ಅಂಟಿಸಿ, "ನೋಡಮ್ಮ, ವರ್ಷಪೂರ್ತಿ ಪೂಜೆ" ಎಂದ. ಆ ತಾಯಿ ಎರಡು ದಿನ ಮಾತು ಬಿಟ್ಟರು.

ಪೆಟ್ರೋಲ್ ಬಂಕಿನದು ಇನ್ನೊಂದು ಕಥೆ. ಪೆಟ್ರೋಲ್ ತಾಗಿದರೆ ಅಂಚಿನ ಗೋಂದು ಕರಗಿ ಫಿಲಂ ಏಳುತ್ತದೆ. ಹಾಗಾಗಿ ಟ್ಯಾಂಕಿನ ಬಾಯಿಯ ಸುತ್ತ ಟವೆಲ್ ಸುತ್ತಿ, "ಅಣ್ಣಾ, ನಿಧಾನ, ಕೊನೇ ಹನಿ ಒಳಗೇ ಬೀಳ್ಲಿ" ಎಂದು ಉಸಿರು ಹಿಡಿದು ನಿಲ್ಲುತ್ತಾನೆ. ಹಿಂದಿನ ಸಾಲಿನಲ್ಲಿ ಹಾರ್ನು.

ಹೋದ ತಿಂಗಳು ಗಾಡಿ ಮಾರುವ ಮನಸ್ಸಾಯಿತು. ಕೊಳ್ಳುವವರು ಆರ್‌ಸಿಯಲ್ಲಿದ್ದ ಬಣ್ಣದಲ್ಲೇ ಗಾಡಿ ನೋಡಬೇಕೆಂದರು. ಫಿಲಂ ಬದಲಾದಾಗೆಲ್ಲ ಆ ಕೆಂಪು ಅಂಗಡಿಯಲ್ಲಿ ಗಂಟೆ ಎರಡು ಗಂಟೆ ಬರಿಮೈಯಲ್ಲಿ ಇದ್ದದ್ದುಂಟು. ಆ ಹೊತ್ತಿನಲ್ಲಿ ಸೀನನ ಕಣ್ಣು ಶೇಡ್ ಕಾರ್ಡಿನ ಮೇಲೆ. ಈ ಸಲ ಫಿಲಂ ಕಾಯಿಸಿ ಸುಲಿದು ಹಾಗೇ ಮನೆಗೆ ತಂದ. ವರ್ಷಗಟ್ಟಲೆ ಬಿಸಿಲು ಧೂಳು ಕಾಣದ ಕೆಂಪು, ಶೋರೂಮಿನಿಂದ ಆಗ ತಾನೇ ಇಳಿಸಿದಂತೆ ಮಿರಮಿರ ಮಿಂಚುತ್ತಿತ್ತು. ಮೊದಲು ಕೇಳಿದ್ದು ಇಸ್ತ್ರಿ ಅಂಗಡಿಯವನು. ಆಮೇಲೆ ಎದುರು ಮನೆ ಆಂಟಿ. ಆಮೇಲೆ, ಇಷ್ಟು ವರ್ಷ ಒಮ್ಮೆಯೂ ಆ ಪ್ರಶ್ನೆ ಕೇಳದ ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿ ಬಂದು ಕೇಳಿದರು: "ಹೊಸ ಗಾಡೀನಾ, ಸೀನ?"

ಮಾರಾಟ ಅಲ್ಲಿಗೇ ನಿಂತಿತು. ಆ ಕೆಂಪನ್ನು ಇನ್ನು ಕಾಪಾಡಬೇಕಲ್ಲ, ಸೀನ ಮರುದಿನವೇ ಜೆ.ಸಿ. ರಸ್ತೆಗೆ ಹೋಗಿ ಪಿಪಿಎಫ್, ಅಂದರೆ ಪೇಂಟ್ ಕಾಪಾಡುವ ಫಿಲಂ, ಹಾಕಿಸಿದ. ಇದು ವಿನೈಲ್ ಅಲ್ಲ, ಪಾಲಿಯುರಿಥೇನ್. ಸಣ್ಣ ಗೀರು ಬಿದ್ದರೆ ಬಿಸಿಲಿಗೆ ತಾನೇ ಮಾಯುತ್ತದಂತೆ. ಬೆಲೆ ಬಣ್ಣದ ಫಿಲಮ್ಮಿಗಿಂತ ಜಾಸ್ತಿ, ಪೂರಾ ಪಾರದರ್ಶಕ. ಪೂರಾ ಪಾರದರ್ಶಕವಾದ್ದರಿಂದ ಯಾರೂ ಏನೂ ಕೇಳುತ್ತಿಲ್ಲ. ಈಗ ಸೀನನೇ ಸಂಜೆ ಗೇಟಿನಲ್ಲಿ ನಿಂತು ಹೋಗಿ ಬರುವವರನ್ನು ತಡೆಯುತ್ತಾನೆ. ನಿನ್ನೆ ಮೇಷ್ಟ್ರು ಸಿಕ್ಕಿಬಿದ್ದರು.

"ಮೇಷ್ಟ್ರೇ, ಗಾಡಿ ಮೇಲೆ ಏನಾದ್ರೂ ಕಾಣ್ಸುತ್ತಾ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಏನೂ ಇಲ್ವಲ್ಲಪ್ಪ."

"ಅದೇ!" ಎಂದ ಸೀನ. "18 ಸಾವಿರ."