ಅಡ್ಡಗಾಳಿ

ವಿಮಾನಯಾನದ ಶೈಶವದಲ್ಲಿ, ಇಳಿದಾಣಗಳೆಂದರೆ ನಾಲ್ದೆಸೆಗೂ ತೆರೆದ ವಿಶಾಲವಾದ ಹುಲ್ಲುಬಯಲುಗಳಾಗಿದ್ದ ಕಾಲದಲ್ಲಿ, ಚಾಲಕನು ಗಾಳಿಚೀಲದ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, ಗಾಳಿಯು ಯಾವ ದಿಕ್ಕಿನಿಂದ ಬೀಸುತ್ತಿದ್ದರೂ ಅದಕ್ಕೆ ಅಭಿಮುಖನಾಗಿ ಸುಖವಾಗಿ ಇಳಿಯುತ್ತಿದ್ದನು. ತರುವಾಯ ವಿಮಾನಗಳು ಭಾರವಾದುವೆಂಬ ನೆವದಿಂದ ಮನುಷ್ಯನು ಗಟ್ಟಿಯಾದ ನೀಳ ದಾರಿಯೊಂದನ್ನು ಹಾಸಿ, ದಿಕ್ಸೂಚಿಯ ಡಿಗ್ರಿಗಳನ್ನು ಹತ್ತರಿಂದ ಭಾಗಿಸಿ ಅದರ ಒಂದು ತುದಿಗೆ 09 ಎಂದೂ ಇನ್ನೊಂದಕ್ಕೆ 27 ಎಂದೂ ಬರೆದು, ಇನ್ನು ಮುಂದೆ ಬೀಸುವುದಾದರೆ ಇದರ ನೇರಕ್ಕೆ ಬೀಸತಕ್ಕದ್ದೆಂದು ಗಾಳಿಗೆ ನಿರೂಪ ಕಳುಹಿಸಿದನು. ಗಾಳಿಯು ಈ ನಿರೂಪವನ್ನು ಓದಿಕೊಂಡಂತೆ ಕಾಣುವುದಿಲ್ಲ. ಆದುದರಿಂದ ಅಡ್ಡಗಾಳಿಯೆಂಬುದು ಗಾಳಿಯ ದೋಷವಲ್ಲ, ದಾರಿಯ ದೋಷವೆಂದೇ ನನ್ನ ಸಿದ್ಧಾಂತ.

ಆಕಾಶದಲ್ಲಿರುವವರೆಗೆ ಈ ದೋಷವು ಯಾರನ್ನೂ ಬಾಧಿಸದು. ವಿಮಾನವು ಮೂತಿಯನ್ನು ಗಾಳಿಯ ಕಡೆಗೆ ಕೊಂಚ ತಿರುಗಿಸಿಕೊಂಡು, ನೋಡುವುದೊಂದು ಕಡೆ ಹೋಗುವುದೊಂದು ಕಡೆ ಎಂಬಂತೆ ಸಾಗುತ್ತದೆ. ನೆಲ ಮುಟ್ಟುವ ಮುನ್ನ ಮಾತ್ರ ಗಾಳಿಯ ಕಡೆಯ ರೆಕ್ಕೆಯನ್ನು ತಗ್ಗಿಸಿ, ಎದುರು ಕಾಲಿನಿಂದ ರಡ್ಡರನ್ನು, ಎಂದರೆ ಬಾಲದ ಚುಕ್ಕಾಣಿಯನ್ನು, ಒತ್ತಿ, ಮೂತಿಯನ್ನು ದಾರಿಗೆ ನೇರ ಮಾಡಬೇಕು. ಬಾಲದ ಕೆಳಗೆ ಪುಟ್ಟ ಗಾಲಿಯನ್ನು ಕಟ್ಟಿಕೊಂಡ ಹಳೆಯ ಮಾದರಿಯ ವಿಮಾನಗಳ ನಿಜವಾದ ಸ್ವಭಾವವು ಪ್ರಕಟವಾಗುವುದು ಅನಂತರವೇ. ಗಾಳಿಯು ಬಾಲದ ಲಂಬಫಲಕವನ್ನು ತಳ್ಳಿ ಮೂತಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ವಿಮಾನದ ತೂಕದ ಕೇಂದ್ರವು ಮುಂಗಾಲಿಗಳ ಹಿಂದಿರುವುದರಿಂದ, ಒಮ್ಮೆ ಓರೆಯಾದರೆ ಆ ಭಾರವು ಮದುವೆಮನೆಯ ಊಟದ ಬಾಗಿಲಲ್ಲಿ ಹಿಂದೆ ನಿಂತವರಂತೆ ಮುಂದಾಗಲು ನುಗ್ಗುತ್ತದೆ. ವೇಗವು ಇಳಿದಷ್ಟೂ ರಡ್ಡರು, ಅದರ ನೆರವು ಅತ್ಯಗತ್ಯವಾದ ಗಳಿಗೆಯಲ್ಲಿಯೇ, ನಿಶ್ಶಕ್ತವಾಗುತ್ತದೆ. ಮುಂದಿನದು ಗ್ರೌಂಡ್ ಲೂಪ್, ಎಂದರೆ ವಿಮಾನದ ಅಪ್ರದಕ್ಷಿಣೆ.

ಈ ಶಾಸ್ತ್ರವನ್ನೆಲ್ಲ ನನಗೆ ಬೋಧಿಸಿದವನು ಹೊಸದಾಗಿ ಲೈಸೆನ್ಸು ಪಡೆದಿದ್ದ ನನ್ನ ಭಾವಮೈದುನ. ಹೆಂಡತಿಯ ತಮ್ಮನ ಆಹ್ವಾನವನ್ನು ನಿರಾಕರಿಸುವುದು ಅಡ್ಡಗಾಳಿಯನ್ನು ಎದುರಿಸುವುದಕ್ಕಿಂತ ಕಠಿನವಾದುದರಿಂದ ನಾನು ಅಂಥದೊಂದು ವಿಮಾನದಲ್ಲಿ ಅವನ ಪಕ್ಕಕ್ಕೆ ಕುಳಿತಿದ್ದೆನು. ಆಷಾಢಮಾಸ. "ಇಪ್ಪತ್ತು ಮೈಲಿ ವೇಗದ ಗಾಳಿ ಮೂವತ್ತು ಡಿಗ್ರಿ ಓರೆಯಾಗಿ ಬಂದರೆ ಅಡ್ಡಕ್ಕೆ ಲೆಕ್ಕ ಬರೀ ಹತ್ತು ಮೈಲಿ, ಭಾವ," ಎಂದು ಅವನು ತ್ರಿಕೋಣಮಿತಿಯಿಂದ ನನ್ನನ್ನು ಸಂತೈಸಿದನು. ಆದರೆ ಆಷಾಢದ ಗಾಳಿಯು ಮೂವತ್ತು ಡಿಗ್ರಿಗೆ ತೃಪ್ತವಾಗುವ ಜಾತಿಯದಲ್ಲ. ನೆಲ ಮುಟ್ಟಿದೆವು, ನಾನು ಇಷ್ಟದೈವದ ಜಪವನ್ನು ನಿಲ್ಲಿಸಿ ಉಸಿರಾಡತೊಡಗಿದೆನು. "ವಿಮಾನ ನಿಂತು, ಹಗ್ಗದಿಂದ ಕಟ್ಟಿಹಾಕುವವರೆಗೂ ಇಳಿದೆವೆಂದು ತಿಳಿಯಬಾರದು, ಭಾವ," ಎಂಬ ತನ್ನ ಗುರುವಿನ ಸೂತ್ರವನ್ನು ಅವನು ಉಪದೇಶಿಸುತ್ತಿರುವಾಗಲೇ ಕ್ಷಿತಿಜವು ಎಡದಿಂದ ಬಲಕ್ಕೆ ಹೊರಟಿತು. ಅವನ ಕಾಲುಗಳು ಪೆಡಲುಗಳ ಮೇಲೆ ತಾಂಡವವಾಡಿದುವು. ಹೊರಮಗ್ಗುಲ ರೆಕ್ಕೆ ನೆಲವನ್ನು ಕೆರೆಯಿತು. ಕೆಂಧೂಳು ನಮ್ಮನ್ನು ಮುಸುಕಿತು.

ಧೂಳಡಗಿದ ಬಳಿಕ, 1940ರಷ್ಟು ಹಿಂದೆಯೇ ಎರ್ಕೂಪ್ ಎಂಬ ವಿಮಾನವು ರಡ್ಡರ್ ಪೆಡಲುಗಳೇ ಇಲ್ಲದೆ ಮಾರಾಟಕ್ಕೆ ಬಂದಿತ್ತೆಂದೂ, ಅದರ ಮುಖ್ಯ ಗಾಲಿಗಳು ತೂಕದ ಹಿಂದಿರುವುದರಿಂದ ಓರೆಯಾಗಿ ಇಳಿದರೂ ತಾನಾಗಿ ನೇರವಾಗುತ್ತದೆಂದೂ ಎಲ್ಲಿಯೋ ಓದಿದ್ದುದನ್ನು ಸೌಮ್ಯವಾಗಿ ಸೂಚಿಸಿದೆನು. ಅವನು ಕನಲಿದನು. 1937ರ ಮಾರ್ಚಿಯಲ್ಲಿ ಹವಾಯಿಯ ಲ್ಯೂಕ್ ಫೀಲ್ಡಿನಲ್ಲಿ ಅಮೀಲಿಯಾ ಇಯರ್‌ಹಾರ್ಟ್‌ಳಂಥ ಹೆಸರಾಂತ ವೈಮಾನಿಕೆಯ ವಿಮಾನವೇ ಹೀಗೆ ಸುತ್ತಿ ಗಾಲಿ ಮುರಿದುಕೊಂಡು, ರಿಪೇರಿಗಾಗಿ ಹಡಗಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಹಿಂದಿರುಗಲಿಲ್ಲವೆ ಎಂದನು. ಆಕೆ ಆಗ ಇಳಿಯುತ್ತಿರಲಿಲ್ಲ, ಏರಲು ಹೊರಟಿದ್ದಳೆಂದು ನಾನು ಜ್ಞಾಪಿಸಿದೆನು. "ಗಾಲಿಗೇನು ಗೊತ್ತು, ಭಾವ, ಏರುತ್ತಿದ್ದೀವೋ ಇಳಿಯುತ್ತಿದ್ದೀವೋ ಅಂತ?" ಎಂದವನು ಗಾಳಿಚೀಲವನ್ನೂ ವಿಮಾನದ ಮೂತಿಯನ್ನೂ ಬಾರಿಬಾರಿಗೆ ನೋಡಿ, ಎರಡೂ ಒಂದೇ ರೇಖೆಯಲ್ಲಿರುವುದನ್ನು ಕಂಡು ಹಿಗ್ಗಿ, "ಇಷ್ಟು ಕರಾರುವಾಕ್ಕಾಗಿ ಗಾಳಿಗೆ ಮುಖ ಮಾಡಿ ನಾನು ಯಾವತ್ತೂ ವಿಮಾನ ನಿಲ್ಲಿಸಿರಲಿಲ್ಲ," ಎಂದನು.