ಕೋನ, ಕೋಣ ಮತ್ತು ನುಗ್ಗೆ ಕೊಂಬೆ

ಪಕ್ಕದ ಮನೆ ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರಾದವರು. ಅವರ ನುಗ್ಗೆ ಮರದ ಒಂದು ಕೊಂಬೆ ಬೇಲಿ ದಾಟಿ ನಮ್ಮ ಬಟ್ಟೆ ತಂತಿಯ ಮೇಲೆ ಬಾಗಿದೆ. ಮಳೆ ಹಿಡಿದರೆ ಸಾಕು, ಕಂಬಳಿಹುಳ ಸೀರೆ ಮೇಲೆ ಇಳಿಯುತ್ತವೆ. ನಿನ್ನೆ ಬೆಳಿಗ್ಗೆ ಅದನ್ನೇ ಹೇಳಲು ಹೋದೆ.

"ಒಂದ್ಸಲ ನಮ್ಮ ದೃಷ್ಟಿಕೋಣದಿಂದ ನೋಡಿ ಮೇಷ್ಟ್ರೇ."

"ಕೋಣ ಅಲ್ಲಮ್ಮ, ಕೋನ. ಕೋಣ ಗದ್ದೇಲಿರುತ್ತೆ."

ಹುಳದ ಮಾತು ಅಲ್ಲಿಗೇ ನಿಂತಿತು. ಸಂಸ್ಕೃತದಲ್ಲಿ ಅದು ಕೋಣವೇ ತಾನೇ, ಹಿಂದಿಯವರೂ ದೃಷ್ಟಿಕೋಣ ಅಂತಾರಲ್ಲ ಅಂದೆ. "ಅವರಿಗೇನು, ಆ ಶಬ್ದ ಹೇಳಿದ್ರೆ ಕೊಂಬು ನೆನಪಾಗಲ್ಲ. ಮರಾಠಿಯವರೂ ನಮ್ಮ ಹಾಗೆ ಕೋನ ಅಂತಾರೆ" ಅಂದರು. ಸೋತೆ.

"ಹೋಗ್ಲಿ, ನಿಮ್ಮ ನಿಲುವೇನು ಹೇಳಿ. ನಿಲುವು, ದೃಷ್ಟಿಕೋನ ಎರಡೂ ಒಂದೇ ಅಲ್ವಾ?"

ಮೇಷ್ಟ್ರಿಗೆ ಸೀಮೆಸುಣ್ಣ ಸಿಕ್ಕಷ್ಟು ಖುಷಿ. "ಒಂದೇ ಆದ್ರೆ ಅದಲುಬದಲು ಮಾಡಿ ನೋಡು. ಮಕ್ಕಳ ದೃಷ್ಟಿಕೋನದಿಂದ ನೋಡು ಅಂತೀವಿ. ಮಕ್ಕಳ ನಿಲುವಿನಿಂದ ನೋಡು ಅಂತೀವಾ? ಕಠಿಣ ನಿಲುವು ಉಂಟು, ಕಠಿಣ ದೃಷ್ಟಿಕೋನ ಕೇಳಿದೀಯಾ?"

ಕೇಳಿರಲಿಲ್ಲ. ನಿಲುವನ್ನು ತಳೆಯುತ್ತೇವೆ, ಸಡಿಲಿಸುತ್ತೇವೆ, ಕೆಲವರು ಅದಕ್ಕೇ ಅಂಟಿಕೊಳ್ಳುತ್ತಾರೆ. ಕಾಲೂರಿ ನಿಂತವನ ಮಾತು ಅದು. 'ನಿಲ್ಲು' ಎಂಬ ಕ್ರಿಯೆಯಿಂದಲೇ ಹುಟ್ಟಿದ್ದು. ಮೊದಲು ಅದು ಮೈಯ ಎತ್ತರ, ನಿಂತ ಭಂಗಿ, ಅಭಿಪ್ರಾಯವಾದದ್ದು ಆಮೇಲೆ. ನಿಲುವುಗನ್ನಡಿಯಲ್ಲಿ ಅಡಿಯಿಂದ ಮುಡಿಯವರೆಗೂ ಕಾಣುತ್ತೇವಲ್ಲ, ನಿಲುವಿನಲ್ಲೂ ಹಾಗೇ, ಆಸಾಮಿ ಪೂರ್ತಿ ಕಾಣುತ್ತಾನೆ. ವಿಧಾನಸಭೆಯ ನಿಲುವಳಿ ಸೂಚನೆಯೂ ಇದೇ ಮನೆತನದ್ದು: ನಡೆಯುತ್ತಿರುವುದನ್ನು ನಿಲ್ಲಿಸಿ, ಇದನ್ನು ಮೊದಲು ಚರ್ಚಿಸಿ ಅನ್ನುವುದು. ದೃಷ್ಟಿಕೋನಕ್ಕೆ ಇಷ್ಟೆಲ್ಲ ಗಟ್ಟಿತನ ಬೇಡ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬೇರೆಯದು ಸಿಗುತ್ತದೆ. ಇನ್ನೊಬ್ಬರದನ್ನು ಗಳಿಗೆ ಹೊತ್ತು ಕಡ ತಂದು ನೋಡಿ, ಹಾಗೇ ವಾಪಸು ಕೊಡಲೂಬಹುದು. ನಿಲುವನ್ನು ಹಾಗೆ ಕಡ ತರುವವರೂ ಇದ್ದಾರೆ, ಚುನಾವಣೆ ಹತ್ತಿರ ಬಂದಾಗ. ಅದು ಬೇರೆ ಕತೆ.

ಅಷ್ಟರಲ್ಲಿ ಮೇಷ್ಟ್ರು ಬೇಲಿಯ ಗೇಟು ತೆಗೆದು ನಮ್ಮ ಕಡೆಗೇ ಬಂದರು. ತಂತಿಯ ಕೆಳಗೆ ನಿಂತು ತಲೆಯೆತ್ತಿ ನೋಡಿದರು. ಅಂಗಿಯ ತೋಳಿನ ಮೇಲೆ ಒಂದು ಹುಳ ಬಿತ್ತು. ಎಲೆಯಿಂದ ಮೆಲ್ಲಗೆ ಎತ್ತಿ ಬಿಟ್ಟರು.

"ನಿನ್ನ ದೃಷ್ಟಿಕೋನ ಅರ್ಥ ಆಯ್ತಮ್ಮ."

"ಹಾಗಾದ್ರೆ ಕೊಂಬೆ ಕಡಿಸ್ತೀರಾ?"

"ಅದು ನಿಲುವಿನ ಪ್ರಶ್ನೆ" ಅಂದವರೇ ಗೇಟು ಹಾಕಿಕೊಂಡು ಒಳಗೆ ಹೋದರು. ಸಂಜೆ ಹೊತ್ತಿಗೆ ಬೇಲಿ ಮೇಲೆ ಒಂದು ಕಟ್ಟು ನುಗ್ಗೆಕಾಯಿ ಇತ್ತು.