ಹಂಚು ಪಳಗಸೂದು

ಅಲ್ರೀ ಅಕ್ಕಾರ, ಏನ್ ಹೊಗಿರೀ ಅದು! ನಮ್ಮ ಹಿತ್ತಲ ತನಕಾ ಬಂತು. ಹೊಸಾ ಹಂಚಾ? ದುರ್ಗದಬೈಲಾಗ ತಂದ್ರೇನು? ತರ್ರಿ ಇಲ್ಲೆ, ಕಂಪೌಂಡ್ ಮ್ಯಾಲೆ ಇಡ್ರಿ, ನೋಡೂಣು. ಹ್ಞಾಂ, ಬೀಡಿನ ಹಂಚು, ತೂಕಾನೂ ಐತಿ, ಚಲೋ ಐತಿ. ಆದ್ರ ಮ್ಯಾಲೆ ಮಿಂಚತೈತಲ್ಲ, ಅದು ಹಂಚಿಂದಲ್ಲ. ಅಂಗಡ್ಯಾಗ ತುಕ್ಕ ಹಿಡೀಬಾರ್ದಂತ ಬಳದದ್ದು. ಅದನ್ನ ತೊಳೀದ ಒಲಿ ಮ್ಯಾಲೆ ಇಟ್ರ ಹೊಗಿ ಬರದ ಮತ್ತೇನ್ ಬರತೈತಿ?

ಮೊದ್ಲ ಬಿಸಿನೀರು, ಸಬಕಾರ, ತೆಂಗಿನ ನಾರು ತಗೊಂಡು ಗಸಗಸಾ ತಿಕ್ರಿ. ಕರೇ ನೀರು ಹೋಗೂದು ನಿಲ್ಲೂ ತನಕಾ ಬಿಡಬ್ಯಾಡ್ರಿ. ಒಣಾ ಅರಬೀಲೆ ಒರಸಿ, ಸಣ್ಣ ಉರಿ ಮ್ಯಾಲೆ ಇಟ್ಟು ಪಸಿ ಪೂರಾ ಆರಿಸ್ರಿ. ಕಬ್ಬಿಣಕ್ಕ ನೀರಿನ ಪಸಿ ಉಳಿದ್ರ ಮುಗೀತು, ನಾಳಿ ಮುಂಜಾನೆ ಕೆಂಪಗ ತುಕ್ಕ ಹಿಡದಿರತೈತಿ.

ಎಣ್ಣಿ ಯಾವ್ದು ಅಂತೀರಿ. ಬೆಂಗಳೂರಾಗಿನ ನಿಮ್ಮ ಸೊಸಿ ಅಗಸಿ ಎಣ್ಣಿನ ಬೇಕು ಅಂದ್ಳಾ? ಅಕಿ ಮಾತ್ ಸುಳ್ಳಲ್ಲ. ಬಡಿಗ್ಯಾರು ಬಾಗಲಾ ಕಿಡಕಿಗೆ ಬಳೀತಾರಲ್ಲ, ಅದ ಎಣ್ಣಿ. ಗಾಳಿಗಿಟ್ರ ಸೈತ ಒಣಗಿ ಗಟ್ಟಿ ಆಗತೈತಿ. ಆದ್ರ ಚೂರ ದಪ್ಪ ಬಿತ್ತಂದ್ರ ಹಳೇ ಗ್ವಾಡಿ ಸುಣ್ಣ ಉದುರಿದಂಗ ಚಕ್ಕಿ ಚಕ್ಕಿ ಎದ್ದು ದ್ವಾಶಿಗೆ ಹತ್ತತೈತಿ. ಅಗಸಿ ಹಿಂಡಿ ಮಾಡ್ಕೊಂಡು ರೊಟ್ಟಿ ಕೂಡ ತಿನ್ರಿ, ಮೈಗೂ ಚಲೋ. ಹಂಚಿಗೆ ನಮ್ಮ ಕುಸಬಿ ಎಣ್ಣಿ ಸಾಕು.

ಯಾಕ ಕುಸಬಿ, ಶೇಂಗಾ ಯಾಕಲ್ಲ ಅಂದ್ರ ಕೇಳ್ರಿ. ಕುಸಬಿ ಎಣ್ಣ್ಯಾಗ ನೂರಕ್ಕ 70–75 ಪಾಲು ಲಿನೋಲೆಯಿಕ್ ಆಮ್ಲ ಇರತೈತಿ. ಕಾಸಿದ ಕೂಡ್ಲೆ ಅದು ಗಾಳ್ಯಾಗಿನ ಆಮ್ಲಜನಕ ಹಿಡಕೊಂಡು ಒಂದಕ್ಕೊಂದು ಗಂಟ ಬೀಳತೈತಿ, ಎಣ್ಣಿ ಹೋಗಿ ಕರೇ ಪದರಾ ಆಗಿ ಕೂಡತೈತಿ. ಶೇಂಗಾ ಎಣ್ಣ್ಯಾಗ ಆ ಪಾಲು ಭಾಳ ಕಡಿಮಿ. ಅದರಿಂದನೂ ಹಂಚು ಪಳಗತೈತಿ, ಇಲ್ಲನ್ನೂದಿಲ್ಲ, ಆದ್ರ ತಡಾ. ಖಾತ್ರಿ ಆಗಬೇಕಾ? ನಿಮ್ಮ ಕರಿಯೂ ಬಾಣಲಿ ಬೆನ್ನಿಗೆ ಬೊಟ್ಟು ಆಡಿಸ್ರಿ. ಎಣ್ಣಿ ಸೋರಿದಲ್ಲೆ ಹಳದಿ ಜಿಗಿ ಹಿಡದೈತಲ್ಲ, ಉಗುರಿಗೂ ಬರೂದಿಲ್ಲ, ಸಬಕಾರಕ್ಕೂ ಬರೂದಿಲ್ಲ? ಅದು ಅರ್ಧಾ ಗಂಟ ಬಿದ್ದ ಎಣ್ಣಿ. ಅದನ್ನ ತೆಳ್ಳಗ ಹಚ್ಚಿ ಪೂರಾ ಕಾಸಿದ್ರ ಹಂಚಿಗೆ ಹೊಳಪು, ದಪ್ಪ ಹಚ್ಚಿ ಅರ್ಧಾ ಕಾಸಿದ್ರ ಜಿಗಿ. ಹಿಂದ ಬಾವ್ಯಾಗಿನ ನೀರೆತ್ತೂ ತೊಗಲ ಚೀಲಕ್ಕ, ಹಗ್ಗಕ್ಕ ಕುಸಬಿ ಎಣ್ಣಿ ಕಾಸಿ ಬಳೀತಿದ್ರಂತ, ನೀರಿನಾಗ ಕೊಳೀಬಾರ್ದಂತ.

ಅದಕ್ಕ ನಾ ಹೇಳೂದು, ದಿನಾ ಭಜಿ ಕರಿಯೂದಿದ್ರ ಶೇಂಗಾ ಎಣ್ಣಿ ಇಡ್ರಿ, ಒಗ್ಗರಣಿಗೆ, ಹಂಚಿಗೆ ಕುಸಬಿ. ಹಂಚಿಗೆ ಬೇಕಾದ ಗುಣಾನ ಕರಿಯೂ ಬಾಣಲ್ಯಾಗ ಅವಗುಣ ಆಗತೈತಿ. ಮತ್ತ ಮತ್ತ ಕಾಸಿದ ಎಣ್ಣಿ ದಪ್ಪ ಆಗಿ, ಬುರುಗು ಬಂದು, ಬೆಂದಷ್ಟೂ ಕರ್ರಗ ಆಗತೈತಿ. ಮಿರ್ಚಿ ಭಜಿ ಗಾಡಿಗೆ ಹೋದಾಗ ಮೊದ್ಲ ಬಾಣಲಿ ನೋಡ್ರಿ, ಆಮ್ಯಾಲೆ ಮಿರ್ಚಿ. ಭಜಿ ತೆಗದ ಮ್ಯಾಲೂ ಬುರುಗು ಇಳೀಲಿಲ್ಲಂದ್ರ ಗಿರ್ಮಿಟ್ ಅಷ್ಟ ತಿಂದು ಬರ್ರಿ. ಸರಕಾರದವರೂ 2018ರ ಜುಲೈಯಿಂದ ಅಳತಿ ಹಚ್ಯಾರ. ಕೆಟ್ಟ ಎಣ್ಣ್ಯಾಗಿನ ಪೋಲಾರ್ ಅಂಶ ನೂರಕ್ಕ 25 ದಾಟಿದ್ರ ಅದರಾಗ ಕರೀಬಾರ್ದು ಅಂತ. ಗಾಡಿ ಮುಂದ ನಿಂತು ಅಳಿಯಾವ್ರು ಯಾರು?

ಕುಸಬಿ ಎಲ್ಲೆ ಸಿಗತೈತಿ ಅಂತ ಕೇಳಿದ್ರಿ. ನಮ್ಮ ಕಡೆ ಅದನ್ನ ಕೇಳೂ ದಿನಾ ಬಂತಲ್ರೀ! ನವಲಗುಂದ, ಅಣ್ಣಿಗೇರಿ ಎರಿ ಹೊಲದಾಗ ಹಿಂಗಾರಿ ಜ್ವಾಳದ ಸುತ್ತ ಕುಸಬಿ ಅಕ್ಕಡಿ ಹಾಕತಿದ್ರು. ಮುಳ್ಳಿನ ಗಿಡಾ, ದನಾ ಬಾಯಿ ಹಾಕೂದಿಲ್ಲ, ಬೇಲಿ ಬ್ಯಾರೆ ಬೇಕಾಗತಿದ್ದಿಲ್ಲ. ಅಣ್ಣಿಗೇರಿ ಹೆಸರ ಹೊತ್ತ ತಳಿನ ಐತಿ, ಎ-1 ಅಂತಾರ. ಈಗ ಹೊಲದ ತುಂಬ ಕಡ್ಲಿ. ಕುಸಬಿ ಕೊಯ್ಯಾಕ ಕಾಲಿಗೆ, ಕೈಗೆ ಅರಬಿ ಸುತ್ತಗೊಂಡು ಹೋಗಬೇಕು, ಆಳೂ ಬರವಲ್ರು. ಸೂರ್ಯಪಾನ ಎಣ್ಣಿ ಬಂದ ಮ್ಯಾಲೆ ಪ್ಯಾಟಿ ಮಂದಿ ಆ ಕಡೆ ಹೋದ್ರು. 2022ರಾಗ ಉಕ್ರೇನಿನ ಯುದ್ಧ ಸುರು ಆದಾಗ ಅದರ ದರಾ ಏರಿದ್ದು ನೆನಪೈತಲ್ಲ, ಡಬ್ಬಿ ತರಾಕ ಹೋದಾವ್ರು ಪಾಕೀಟು ಹಿಡಕೊಂಡು ಬಂದ್ರು. ನವಲಗುಂದದ ಮುಳ್ಳಿನ ಗಿಡಾ ಬಿಟ್ಟು ಕಪ್ಪು ಸಮುದ್ರದ ಕಡೆ ನೋಡೂ ಹಂಗಾತು ನಮ್ಮ ಒಗ್ಗರಣಿ ಹಣೇಬರಾ.

ಈಗ ಓಣಿಗೊಂದು ಮರದ ಗಾಣ ಆಗ್ಯಾವ. ಎಣ್ಣಿ ಚಲೋ ವಾಸನಿ, ದರಾನೂ ಹಂಗ. ನನಗ ಒಂದ ಅನುಮಾನ, ಎದುರಿಗೆ ಹಿಂಡಿ ತೋರಿಸದಿದ್ರ ಗಾಣ ನಂಬಬ್ಯಾಡ್ರಿ. ಕಾಳು ನೋಡ್ರಿ, ಹಿಂಡಿ ನೋಡ್ರಿ, ಆಮ್ಯಾಲೆ ಎಣ್ಣಿ. ಶರಣರ ಕಾಲಕ್ಕ ಗಾಣದ ಕಣ್ಣಪ್ಪ ಅಂತ ಒಬ್ರು ವಚನಕಾರ ಇದ್ರು. ಗಾಣದವನ ಮಾತಿಗೂ ಆಗ ತೂಕಾ ಇತ್ತು ಅನ್ನಸತೈತಿ. ಗಾಣದ ಎಣ್ಣಿ ಸೋಸದ ಇದ್ರ ಲಗೂ ಹೊಗೀ ಬಿಡತೈತಿ, ಹೆಚ್ಚಿನ ಉರಿ ತಡಿಯೂದಿಲ್ಲ. ಕರಿಯಾಕ ರಿಫೈನ್ಡ್ ಇದ್ರ ನಡೀತೈತಿ, ಅದಕ್ಕ ನಾಚಿಕಿ ಏನಿಲ್ಲ.

ಹಂಚಿಗೆ ಬರ್ರಿ. ಪಸಿ ಆರಿದ ಮ್ಯಾಲೆ ಎಣ್ಣಿ ನಾಕ ಹನಿ, ಅರಬೀಲೆ ಎಲ್ಲಾ ಕಡೆ ಒರಸ್ರಿ, ಬೆನ್ನಿಗೂ, ಹಿಡಿಕಿಗೂ. ಆಮ್ಯಾಲೆ ಇನ್ನೊಂದು ಒಣಾ ಅರಬಿ ತಗೊಂಡು ಹಚ್ಚಿದ್ದನ್ನೆಲ್ಲಾ ತೆಗಿಯಾಕ ಹೊಂಟವ್ರಂಗ ಒರಸ್ರಿ. ಒರಸಿದ್ರೂ ಉಳೀತೈತಿ, ಉಳದಷ್ಟ ಸಾಕು. ಹೊಗಿ ಬಂದು ಹೊಗಿ ಕಡಿಮಿ ಆಗೂ ತನಕಾ ಕಾಸ್ರಿ, ಆರಸ್ರಿ, ಮತ್ತ ಹಚ್ರಿ. ಮೂರ-ನಾಕ ಸಲಾ ಆದ ಮ್ಯಾಲೆ ಅರ್ಧಾ ಉಳ್ಳಾಗಡ್ಡಿನ ಚಮಚಾಕ್ಕ ಚುಚ್ಚಿ ತಿಕ್ರಿ, ಮೊದಲ್ನೇ ದ್ವಾಶಿ ಬಿದ್ದು ಎದ್ರ ಹಂಚು ನಿಮ್ಮದಾತು. ಬಾಗಲಾ ತಗದಿಡ್ರಿ, ನಿಮ್ಮ ಮನಿ ಹೊಗಿ ನಮ್ಮ ಮನಿಗೆ ಬಂದ್ರೂ ಚಿಂತಿಲ್ಲ.

ಒಂದ ಮಾತು. ಇದ ಹಂಚಿನ ಮ್ಯಾಲೆ ಜ್ವಾಳದ ರೊಟ್ಟಿ ಬೇಯಸಬ್ಯಾಡ್ರಿ. ರೊಟ್ಟಿ ಹಂಚಿಗೆ ಎಣ್ಣಿ ಮುಟ್ಟಸೂದಿಲ್ಲ, ಅದಕ್ಕ ಒದ್ದಿ ಅರಬಿನ ಸಾಕು. ರೊಟ್ಟಿ ಮ್ಯಾಲೆ ನೀರ ಸವರತೀವಲ್ಲ, ಎಣ್ಣಿ ಹಂಚಾದ್ರ ನೀರು ಚಟಪಟಾ ಅಂದು, ರೊಟ್ಟಿ ಚುಕ್ಕಿ ಚುಕ್ಕಿ ಸುಡತೈತಿ, ಉಬ್ಬೂದು ದೂರ. ಮನ್ಯಾಗ ಜಾಗಾ ಇಲ್ಲಂದ್ರ ಫ್ಯಾನ್ಸಿ ಪ್ಯಾನ್ ಒಂದ ಹೊರಗ ಹಾಕ್ರಿ, ಹಂಚು ಮಾತ್ರ ಎರಡ ಇರ್ಲಿ. ಪಡ್ಡಿನ ಹಂಚಿಗಂತೂ ಕುಣಿಗೊಂದೊಂದು ಸಲಾ ಎಣ್ಣಿ ಅರಬಿ ಆಡಸಬೇಕು, ಇಲ್ಲಂದ್ರ ಮೊದಲ್ನೇ ಪಡ್ಡು ಆಕಳಿಗೆ.

ಹುಣಸೀಹುಳಿ, ಟೊಮ್ಯಾಟೊ ಹಾಕಿದ ಪಲ್ಲೇ ಇದರಾಗ ಮಾಡಬ್ಯಾಡ್ರಿ, ಮಾಡಿದ್ರೂ ರಾತ್ರಿ ಇಡಬ್ಯಾಡ್ರಿ, ಹುಳಿ ಪದರಾನ ತಿಂದು ಬಿಡತೈತಿ. ಕುಸಬಿ ಎಣ್ಣಿ ಮನ್ಯಾಗ ಇಲ್ಲಂದ್ರ ವಾಟಿ ತರ್ರಿ, ಕೊಡತೀನಿ. ಸಣ್ಣ ವಾಟಿ ತರ್ರಿ ಮತ್ತ, ಹೇಳಿದೆನಲ್ಲ, ನಾಕ ಹನಿ!